ಒಗೆಯುವ ಕಲ್ಲಿಗೂ ಜಗ್ಗದ ಅಕ್ಷರ: ದಪ್ಪ ಜಾಕೆಟ್ ಬೆನ್ನಿಗೆ ದೊಡ್ಡ ಕನ್ನಡ ಎಂಬ್ರಾಯ್ಡರಿ ಹಾಕುವುದು ಹೇಗೆ

ಗ್ಯಾರೇಜ್, ಕ್ರೇನ್, ಜನರೇಟರ್ ರಿಪೇರಿ, ಕೋಲ್ಡ್ ಸ್ಟೋರೇಜ್. ಇಂಥ ಕಡೆಯಿಂದ ಜಾಕೆಟ್ ಆರ್ಡರ್ ಬಂದರೆ ಕೇಳುವುದು ಒಂದೇ: ಬೆನ್ನಿನ ಮೇಲೆ ಹೆಸರು ದೊಡ್ಡದಾಗಿ ಇರಬೇಕು, ದೂರದಿಂದ ಕಾಣಬೇಕು, ಕಿತ್ತು ಬರಬಾರದು. ಬ್ಲೌಸ್, ಟೀ ಶರ್ಟ್ ಲೋಗೊ ಮಾಡಿ ಅಭ್ಯಾಸ ಇರುವವರಿಗೆ ಇದು ಸುಲಭ ಅನಿಸುತ್ತದೆ. ಅದೇ ಡಿಸೈನ್ ದೊಡ್ಡದು ಮಾಡಿ ಹೊಡೆದರೆ ಆಯ್ತಲ್ಲ ಅಂತ. ಹಾಗೆ ಹೊಡೆದ ಜಾಕೆಟ್ ಅಂಗಡಿಯಿಂದ ಹೋಗುವಾಗ ಚೆನ್ನಾಗೇ ಇರುತ್ತದೆ. ನಾಲ್ಕು ಒಗೆತ ಆದಮೇಲೆ ನೋಡಿ: ದಾರ ಎದ್ದಿರುತ್ತದೆ, ಬಟ್ಟೆ ಮುದುಡಿರುತ್ತದೆ, ಅಕ್ಷರ ಹಲಗೆಯ ಹಾಗೆ ಬಿಗಿದುಕೊಂಡಿರುತ್ತದೆ.

ದಾರ ಜಾಸ್ತಿ ತುಂಬಿದರೆ ಗಟ್ಟಿ ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಿಜ ಅದಲ್ಲ. ಅಕ್ಷರ ಬಾಳಿಕೆ ಬರುವುದು ಹೊಲಿಗೆ ಗಿಡ್ಡ ಇದ್ದಾಗ, ಅಕ್ಷರ ತುಂಬುವ ಮುಂಚೆ ಕೆಳಗೆ ಹಾಕುವ ತಳಹೊಲಿಗೆ ಸರಿ ಇದ್ದಾಗ, ಬಟ್ಟೆಯ ಹಿಂದೆ ಆಸರೆಗೆ ಇಡುವ ಬ್ಯಾಕಿಂಗ್ ಹಾಳೆ ಅಲುಗದೆ ಇದ್ದಾಗ. ನಮ್ಮ ಜನ ಕೆಲಸದ ಜಾಕೆಟ್ ಒಗೆಯುವುದು ಹೇಗೆ ಅಂತ ನೆನಪಿಸಿಕೊಳ್ಳಿ. ಗ್ರೀಸ್ ಹೋಗಲಿ ಅಂತ ಸೋಪು ಹಚ್ಚಿ, ಕಲ್ಲಿನ ಮೇಲೆ ಹರಡಿ, ಪ್ಲಾಸ್ಟಿಕ್ ಬ್ರಷ್‌ನಲ್ಲಿ ಗಸಗಸ ಉಜ್ಜುತ್ತಾರೆ. ಬ್ರಷ್ಷಿನ ಹಲ್ಲಿಗೆ ಸಿಗುವುದು ಉದ್ದವಾಗಿ ಸಡಿಲ ಬಿದ್ದಿರುವ ದಾರ. ಅದನ್ನು ಸಿಗದ ಹಾಗೆ ಮಾಡುವುದೇ ಈ ಕೆಲಸದ ಗುಟ್ಟು.

ಉದಾಹರಣೆಗೆ ‘ಕ್ರೇನ್ ಸರ್ವಿಸ್’ ಅಂತ ಎರಡು ಸಾಲಿನಲ್ಲಿ ಬರೆಯಬೇಕು ಅಂದುಕೊಳ್ಳೋಣ. ಅಕ್ಷರದ ಮೈ 6 ಸೆಂ.ಮೀ. ಎತ್ತರ. ಜಾಕೆಟ್ ಕಾಟನ್ ಡ್ರಿಲ್ ಅಥವಾ ಕ್ಯಾನ್ವಾಸ್.

ಮೊದಲು ಜಾಕೆಟ್ ಓದಿ

ಬಟ್ಟೆ ಕೈಯಲ್ಲಿ ಹಿಡಿದು ನೋಡಿ. ಸಾಮಾನ್ಯ ಯೂನಿಫಾರ್ಮ್ ಡ್ರಿಲ್ 240ರಿಂದ 280 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇರುತ್ತದೆ. 12 ಔನ್ಸ್ ಕ್ಯಾನ್ವಾಸ್ ಅಂದರೆ ಸುಮಾರು 400 ಜಿಎಸ್‌ಎಂ. ಎರಡಕ್ಕೂ ಸೂಜಿ ಬೇರೆ, ಫ್ರೇಮ್ ಬಿಗಿಯುವ ರೀತಿ ಬೇರೆ.

ಕಾಟನ್ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ, ಪಾಲಿಯೆಸ್ಟರ್ ದಾರ ಕುಗ್ಗುವುದಿಲ್ಲ. ಒಗೆದ ಮೇಲೆ ಅಕ್ಷರದ ಸುತ್ತ ಬರುವ ಸುಕ್ಕಿಗೆ ಎಷ್ಟೋ ಸಲ ಇದೇ ಕಾರಣ. ಜನ ಮೆಷಿನ್ ಟೆನ್ಶನ್‌ಗೆ ಬೈಯುತ್ತಾರೆ ಅಷ್ಟೆ. ಬಟ್ಟೆ ಪ್ರೀ ಶ್ರಿಂಕ್ ಆಗಿದೆಯಾ ಅಂತ ಕೇಳಿ. ಗೊತ್ತಿಲ್ಲ ಅಂದರೆ ಒಮ್ಮೆ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಶುರು ಮಾಡಿ.

ಜಾಕೆಟ್ಟನ್ನು ನೀವೇ ಹೊಲಿಸುತ್ತಿದ್ದರೆ, ಬೆನ್ನಿನ ಭಾಗ ಕತ್ತರಿಸಿದ ಕೂಡಲೇ, ಜೋಡಿಸುವ ಮುಂಚೆ ಎಂಬ್ರಾಯ್ಡರಿ ಮುಗಿಸಿ. ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಸಿದ್ಧ ಜಾಕೆಟ್ ಆದರೆ ಒಳಗೆ ಲೈನಿಂಗ್ ಇದೆಯಾ ನೋಡಿ. ಇದ್ದರೆ ಕೆಳಗಿನ ಅಂಚಿನ ಹೊಲಿಗೆ ಒಂದಡಿ ಬಿಚ್ಚಿ, ಲೈನಿಂಗನ್ನು ಪಕ್ಕಕ್ಕೆ ಸರಿಸಿ, ಹೊರಬಟ್ಟೆಗೆ ಮಾತ್ರ ಹೊಡೆಯಿರಿ. ಬೆನ್ನಿನಲ್ಲಿ ಯೋಕ್ (ಭುಜದ ಕಡೆಯ ಬೇರೆ ತುಂಡು) ಜೋಡಣೆ ಇದ್ದರೆ ಅದರಿಂದ 2 ಸೆಂ.ಮೀ. ಕೆಳಗೆ ಅಕ್ಷರ ಶುರುವಾಗಲಿ. ಕೈ ಚಾಚಲು ಅಂತ ಎರಡು ಬದಿ ನೆರಿಗೆ ಬಿಟ್ಟಿರುತ್ತಾರೆ. ಅದರ ಮೇಲೆ ಹೊಲಿದರೆ ನೆರಿಗೆ ಸತ್ತಂತೆಯೇ, ಹಾಕಿಕೊಂಡವರು ಕೈ ಎತ್ತುವಾಗ ಬೈಯುತ್ತಾರೆ.

ಮೂರು ಥರದ ಜಾಕೆಟ್‌ಗೆ ನೇರವಾಗಿ ಎಂಬ್ರಾಯ್ಡರಿ ಬೇಡ. ಮಳೆಗೆ ಹಾಕುವ ಕೋಟಿಂಗ್ ಜಾಕೆಟ್‌ನಲ್ಲಿ ಪ್ರತಿ ಸೂಜಿ ತೂತೂ ನೀರಿಗೆ ದಾರಿ. ಬೆಂಕಿ ತಡೆಯುವ ಜಾಕೆಟ್‌ನಲ್ಲಿ ಪಾಲಿಯೆಸ್ಟರ್ ದಾರ ಕರಗಿ ಮೈಗೆ ಅಂಟುತ್ತದೆ, ಅದಕ್ಕೆ ಅರಾಮಿಡ್ ದಾರವೇ ಬೇಕು, ಜೊತೆಗೆ ಜಾಕೆಟ್ ಮಾಡಿದವರ ಒಪ್ಪಿಗೆಯೂ ಬೇಕು. ಮಿಂಚುವ ಪಟ್ಟಿ ಇರುವ ಹಳದಿ, ಕಿತ್ತಳೆ ಜಾಕೆಟ್‌ನಲ್ಲಿ ಪಟ್ಟಿಯ ಮೇಲೆ ಒಂದು ಹೊಲಿಗೆಯೂ ಬೀಳಬಾರದು. ಹೊಳಪಿನ ಬಟ್ಟೆ ಎಷ್ಟು ಕಾಣಬೇಕು ಅನ್ನುವುದಕ್ಕೂ ಲೆಕ್ಕ ಇದೆ, ದೊಡ್ಡ ಅಕ್ಷರ ಅದನ್ನು ತಿನ್ನುತ್ತದೆ.

ಅಕ್ಷರ ಆರಿಸುವುದು, ಪಂಚಿಂಗ್ ಮಾಡುವುದು

ಹೆಚ್ಚು ಹೊತ್ತು ಕೂರಬೇಕಾದ್ದು ಇಲ್ಲೇ. ಪಂಚಿಂಗ್ ಅಂದರೆ ಡಿಸೈನನ್ನು ಮೆಷಿನ್ ಓದುವ ಹೊಲಿಗೆ ಫೈಲ್ ಆಗಿ ಮಾಡುವುದು.

ಜೇಬಿನ ಮೇಲೆ ಹೊಡೆದ ಡಿಎಸ್‌ಟಿ ಅನ್ನುವ ಹೊಲಿಗೆ ಫೈಲನ್ನು ಹಿಗ್ಗಿಸಬೇಡಿ. ಆ ಫೈಲ್‌ನಲ್ಲಿ ಇರುವುದು ಸೂಜಿ ಎಲ್ಲೆಲ್ಲಿ ಇಳಿಯಬೇಕು ಅನ್ನುವ ಲೆಕ್ಕ ಮಾತ್ರ, ಆಕಾರ ಅಲ್ಲ. ಶೇ. 10ಕ್ಕಿಂತ ಜಾಸ್ತಿ ಹಿಗ್ಗಿಸಿದರೆ ಹೊಲಿಗೆ ಉದ್ದವಾಗುತ್ತದೆ, ನಡುವಿನ ಸಂದು ದೊಡ್ಡದಾಗುತ್ತದೆ. ಹೊಸದಾಗಿ ಪಂಚ್ ಮಾಡಿಸಿ.

ಕನ್ನಡಕ್ಕೆ ಇನ್ನೊಂದು ತೊಡಕು ಇದೆ. ಎಂಬ್ರಾಯ್ಡರಿ ಸಾಫ್ಟ್‌ವೇರ್ ಒಳಗಿನ ರೆಡಿ ಅಕ್ಷರಗಳು ಸಾಮಾನ್ಯವಾಗಿ ಇಂಗ್ಲಿಷಿನವು. ಕನ್ನಡ ಟೈಪ್ ಮಾಡಿದರೆ ಕೆಲವು ಸಾಫ್ಟ್‌ವೇರ್‌ನಲ್ಲಿ ‘ಕ್ರೇ’ ಒಡೆದು ಕ ಬೇರೆ, ಒತ್ತು ಬೇರೆ ಬೀಳುತ್ತದೆ. ಹಾಗಾಗಿ ಇಂಕ್‌ಸ್ಕೇಪ್‌ನಂಥ ಕಡೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಒತ್ತಕ್ಷರ ಸರಿಯಾಗಿ ಕೂತಿದೆಯಾ ಅಂತ ಓದಿ ನೋಡಿ, ಆಮೇಲೆ ಔಟ್‌ಲೈನ್ ಆಗಿ ಬದಲಾಯಿಸಿ. ಒಂದರ ಮೇಲೊಂದು ಬಿದ್ದಿರುವ ಗೆರೆಗಳನ್ನು ಯೂನಿಯನ್ ಮಾಡಿ ಒಂದಾಗಿಸಿ. ಇಂಕ್‌ಸ್ಕೇಪ್‌ಗೆ ಇಂಕ್‌ಸ್ಟಿಚ್ ಅನ್ನುವ ಉಚಿತ ಎಕ್ಸ್‌ಟೆನ್ಶನ್ ಇದೆ, ಅಲ್ಲೇ ಹೊಲಿಗೆಯನ್ನೂ ಕೊಡಬಹುದು. ವಿಲ್‌ಕಾಮ್ ಸಾಫ್ಟ್‌ವೇರ್ ಇರುವವರು ಔಟ್‌ಲೈನನ್ನು ಅಲ್ಲಿಗೆ ಒಯ್ಯಿರಿ.

ಫಾಂಟ್ ದಪ್ಪ ಇರಲಿ, ಗೆರೆ ಎಲ್ಲ ಕಡೆ ಒಂದೇ ಗಾತ್ರ ಇರಲಿ. ‘ಬಲೂ ತಮ್ಮ’ ದುಂಡಗೆ ದಪ್ಪಗೆ ಇದೆ. ‘ಅನೇಕ್ ಕನ್ನಡ’ದಲ್ಲಿ ದಪ್ಪ, ಅಗಲ ಎರಡನ್ನೂ ಹೆಚ್ಚು ಕಡಿಮೆ ಮಾಡಬಹುದು. ‘ಸರ್ವಿಸ್’ ತರಹ ಅಡ್ಡಕ್ಕೆ ಬೆಳೆಯುವ ಪದಕ್ಕೆ ಇದು ತುಂಬಾ ಉಪಯೋಗ. ಎರಡೂ ಉಚಿತ. ಮದುವೆ ಕಾರ್ಡಿನ ಥರ ತೆಳು ದಪ್ಪ ಆಗುವ ಅಕ್ಷರ ಜಾಕೆಟ್‌ಗೆ ಬೇಡ.

ಈಗ ಅಕ್ಷರಗಳನ್ನು ಹತ್ತಿರದಿಂದ ನೋಡಿ. ‘ಕ್ರೇ’ಗೆ ಕೆಳಗೆ ರ ಒತ್ತು, ಪಕ್ಕದಲ್ಲಿ ದೀರ್ಘ. ‘ರ್ವಿ’ಗೆ ಮೇಲೆ ಗುಡಿಸು, ಬಲಕ್ಕೆ ಅರ್ಕಾವೊತ್ತು. ಕೊನೆಯ ‘ಸ್’ ತುದಿಯಲ್ಲಿ ಕೊಕ್ಕೆ. ಮೈ 6 ಸೆಂ.ಮೀ. ಇದ್ದರೂ ಒತ್ತಿನ ಗೆರೆ ಸಪೂರ, ಅದರ ಸುಳಿ ಇನ್ನೂ ಸಪೂರ. ದಾರ ತುಂಬಿದಾಗ ಗೆರೆ ಸ್ವಲ್ಪ ಹಿಗ್ಗುತ್ತದೆ, ಸುಳಿಯ ಒಳಗಿನ ಕಿಂಡಿ ಮುಚ್ಚಿಹೋಗುತ್ತದೆ. ಕಿಂಡಿ ಮುಚ್ಚಿದ ಅರ್ಕಾವೊತ್ತು ದೂರದಿಂದ ಬರೀ ಒಂದು ಗುಂಡಿ. ಒಳಗಿನ ಯಾವ ಕಿಂಡಿಯೂ 2 ಮಿ.ಮೀ.ಗಿಂತ ಕಡಿಮೆ ಇರಬಾರದು. ಬೇಕಾದರೆ ಔಟ್‌ಲೈನಿನ ಬಿಂದುಗಳನ್ನು (ನೋಡ್) ಎಳೆದು ಕೈಯಲ್ಲೇ ಅಗಲ ಮಾಡಿ. ಒತ್ತು ಅಕ್ಷರದ ಮೈಗೆ ತಾಗುತ್ತಿದ್ದರೆ ಒಂದೋ 2 ಮಿ.ಮೀ. ಸಂದು ಬಿಡಿ, ಇಲ್ಲವೇ ಎರಡನ್ನೂ ಒಂದೇ ಆಕಾರ ಮಾಡಿ. ಹೊಲಿಗೆಯ ಮೇಲೆ ಹೊಲಿಗೆ, ಅದರ ಮೇಲೆ ಇನ್ನೊಂದು ಅಂತ ಬಿದ್ದರೆ ಕ್ಯಾನ್ವಾಸಿನಲ್ಲಿ ಸೂಜಿ ಮುರಿಯುವುದು ಅಲ್ಲೇ.

ಎರಡು ಸಾಲಿನ ನಡುವೆಯೂ ಒತ್ತಿಗೆ ಜಾಗ ಬೇಕು. ಇಂಗ್ಲಿಷ್ ಅಕ್ಷರಕ್ಕೆ ಬಿಡುವಷ್ಟೇ ಬಿಟ್ಟರೆ ಮೇಲಿನ ರ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಕುಟ್ಟುತ್ತದೆ.

ಸ್ಯಾಟಿನ್ನಾ, ಫಿಲ್ಲಾ?

ಗೆರೆಯ ಅಗಲ ಅಳೆಯಿರಿ. 7 ಮಿ.ಮೀ. ತನಕ ಸ್ಯಾಟಿನ್ ನಡೆಯುತ್ತದೆ. ಅದಕ್ಕಿಂತ ಅಗಲವಾದರೆ ಹೊಳಪಿನ ಆಸೆ ಬಿಡಿ. ಸ್ಯಾಟಿನ್‌ನಲ್ಲಿ ದಾರ ಈ ಅಂಚಿನಿಂದ ಆ ಅಂಚಿಗೆ ನಡುವೆ ಎಲ್ಲೂ ಇಳಿಯದೆ ಹಾರುತ್ತದೆ. 10 ಮಿ.ಮೀ. ಹಾರಿದ ದಾರ ಸ್ಪ್ಯಾನರಿಗೆ ಸಿಗುತ್ತದೆ, ಗೇಟಿನ ತಂತಿಗೆ ಸಿಗುತ್ತದೆ, ಒಗೆಯುವ ಬ್ರಷ್ಷಿಗಂತೂ ಸಿಕ್ಕೇ ಸಿಗುತ್ತದೆ. ನಮ್ಮ ‘ಕ್ರೇನ್ ಸರ್ವಿಸ್’ ದಪ್ಪ ಫಾಂಟ್‌ನಲ್ಲಿ ಗೆರೆ 10ರಿಂದ 11 ಮಿ.ಮೀ. ಬರುತ್ತದೆ. ಹಾಗಾಗಿ ಮೈಗೆ ಟಟಾಮಿ ಫಿಲ್ (ನಡುನಡುವೆ ಸೂಜಿ ಇಳಿಯುತ್ತಾ ಸಾಲು ಸಾಲಾಗಿ ತುಂಬುವ ಹೊಲಿಗೆ), ಒತ್ತು ಮತ್ತು ಸಪೂರ ಭಾಗಕ್ಕೆ ಮಾತ್ರ ಸ್ಯಾಟಿನ್.

ಕಸ್ಟಮರ್ ಹೊಳೆಯಲೇಬೇಕು ಅಂದರೆ ಸ್ಪ್ಲಿಟ್ ಸ್ಯಾಟಿನ್ ಕೊಡಿ, ನಡುವೆ ಒಂದು ಕಡೆ ಸೂಜಿ ಇಳಿಯುತ್ತದೆ. ನನ್ನ ಮಟ್ಟಿಗೆ ಕೆಲಸದ ಜಾಕೆಟ್‌ಗೆ ಫಿಲ್ಲೇ ಸರಿ.

ಸೆಟ್ಟಿಂಗ್ ಹೀಗೆ ಶುರು ಮಾಡಿ:

- ದಾರದ ಸಾಲಿನಿಂದ ಸಾಲಿಗೆ ಅಂತರ 0.40 ಮಿ.ಮೀ. ಗಾಢ ಬಟ್ಟೆಯ ಮೇಲೆ ಬಿಳಿ ದಾರ ಆದರೆ 0.38. ಅದಕ್ಕಿಂತ ಒತ್ತೊತ್ತಾಗಿ ಹೋಗಬೇಡಿ.
- ಹೊಲಿಗೆ ಉದ್ದ 3.5 ಮಿ.ಮೀ. ಸಾಮಾನ್ಯವಾಗಿ 4 ಇಡುತ್ತಾರೆ, ಇಲ್ಲಿ ಸ್ವಲ್ಪ ಗಿಡ್ಡ ಇರಲಿ.
- ತಳಹೊಲಿಗೆ ಎರಡು ಬಗೆ, ಎರಡೂ ಬೇಕು. ಅಂಚಿನಿಂದ 0.7 ಮಿ.ಮೀ. ಒಳಗೆ ಎಡ್ಜ್ ರನ್, ಅಂದರೆ ಅಂಚಿನುದ್ದಕ್ಕೂ ಒಂದು ಸಾದಾ ಗೆರೆ ಹೊಲಿಗೆ. ಆಮೇಲೆ ಮೇಲಿನ ಹೊಲಿಗೆಗೆ ಅಡ್ಡಲಾಗಿ, 2ರಿಂದ 2.5 ಮಿ.ಮೀ. ಅಂತರದಲ್ಲಿ ತೆಳ್ಳನೆ ಫಿಲ್.
- ಪುಲ್ ಕಾಂಪೆನ್ಸೇಶನ್ (ದಾರದ ಎಳೆತಕ್ಕೆ ಬಟ್ಟೆ ಕುಗ್ಗುವುದನ್ನು ಸರಿದೂಗಿಸಲು ಅಂಚಿಗೆ ಕೊಡುವ ಹೆಚ್ಚುವರಿ) 0.3 ಮಿ.ಮೀ.

ಮೈ ಮುಚ್ಚುತ್ತಿಲ್ಲ, ಬಟ್ಟೆ ಇಣುಕುತ್ತಿದೆ ಅನಿಸಿದರೆ ಮೊದಲು ತಳಹೊಲಿಗೆ ಸರಿ ಮಾಡಿ. ಮೇಲಿನ ದಾರ ಹೆಚ್ಚಿಸುವುದು ಕೊನೆಯ ಉಪಾಯ. ತುಂಬಾ ಒತ್ತಾದರೆ ಸೂಜಿ ಅದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿ ಬಟ್ಟೆಯ ನೂಲನ್ನೇ ಕಡಿಯುತ್ತದೆ. ಆಮೇಲೆ ಅಕ್ಷರ ಪೂರ್ತಿ ಗಟ್ಟಿ ಇದ್ದು, ಅಂಚಿನಲ್ಲಿ ಬಟ್ಟೆ ಹರಿದು ಬರುತ್ತದೆ.

ಡ್ರಿಲ್ ಬಟ್ಟೆಯಲ್ಲಿ ಓರೆ ಗೆರೆ ಕಾಣುತ್ತದಲ್ಲ, ಹೊಲಿಗೆಯೂ ಅದೇ ಓರೆಯಲ್ಲಿ ಹೋದರೆ ದಾರ ಆ ಗೆರೆಯೊಳಗೆ ಮುಳುಗುತ್ತದೆ. ಕೋನವನ್ನು ಎದುರು ಓರೆಗೆ ತಿರುಗಿಸಿ. ಸ್ಯಾಟಿನ್ ಸುಳಿಗಳಲ್ಲಿ ಶಾರ್ಟ್ ಸ್ಟಿಚ್ (ಒಳ ತಿರುವಿನಲ್ಲಿ ಕೆಲವು ಹೊಲಿಗೆಯನ್ನು ಗಿಡ್ಡ ಮಾಡುವ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ದರೆ ಒಳ ತಿರುವಿನಲ್ಲಿ ದಾರ ಗುಡ್ಡೆ ಬೀಳುತ್ತದೆ. ನಮ್ಮ ಲಿಪಿ ತುಂಬಾ ದುಂಡು ಇರುವುದರಿಂದ ಇದು ಮರೆಯುವ ಹಾಗೇ ಇಲ್ಲ.

ಹೊಲಿಯುವ ಕ್ರಮ ನಡುವಿನಿಂದ ಹೊರಗೆ. ‘ಸರ್ವಿಸ್’ ಸಾಲಲ್ಲಿ ಮೊದಲು ‘ರ್ವಿ’, ಆಮೇಲೆ ಎಡದ ‘ಸ’, ಆಮೇಲೆ ಬಲದ ‘ಸ್’. ಎಡದಿಂದ ಬಲಕ್ಕೆ ಹೋದರೆ ಬಟ್ಟೆ ತಳ್ಳಿಕೊಂಡು ಹೋಗಿ ಕೊನೆಯ ಅಕ್ಷರದ ಹತ್ತಿರ ಉಬ್ಬುತ್ತದೆ. ಪ್ರತಿ ತುಂಡಿನ ಶುರುವಿಗೂ ಕೊನೆಗೂ ಲಾಕ್ ಹೊಲಿಗೆ ಇದೆಯಾ ನೋಡಿಕೊಳ್ಳಿ.

ಪೇಪರ್ ಹಚ್ಚಿ ನೋಡಿ

ಡಿಸೈನನ್ನು ನಿಜ ಅಳತೆಯಲ್ಲಿ ಪ್ರಿಂಟ್ ಮಾಡಿ, ಪಿನ್ ಹಾಕಿ, ಯಾರಿಗಾದರೂ ಜಾಕೆಟ್ ತೊಡಿಸಿ. ರಸ್ತೆಯ ಆಚೆ ನಿಂತು ಓದಿ. ಕಾಲರ್ ಜೋಡಣೆಯಿಂದ ಅಕ್ಷರದ ತಲೆಗೆ 10ರಿಂದ 12 ಸೆಂ.ಮೀ. ಸಾಮಾನ್ಯ ಅಳತೆ. ಒಟ್ಟು ಅಗಲ 28 ಸೆಂ.ಮೀ. ದಾಟಿದರೆ ಅಕ್ಷರ ತೋಳಿನ ಕಡೆ ಮಡಚಿಕೊಳ್ಳುತ್ತದೆ. ತಲೆಕಟ್ಟಿನ ಗೆರೆಯನ್ನು ಸಾಲಾಗಿ ಹಿಡಿದು ಮಟ್ಟ ನೋಡಿ, ಒತ್ತನ್ನು ನೋಡಿದರೆ ಕಣ್ಣು ಮೋಸ ಹೋಗುತ್ತದೆ. ಚಾಕ್‌ನಲ್ಲಿ ನಡುಗೆರೆ, ಅಡ್ಡಗೆರೆ ಎರಡೂ ಹಾಕಿ.

ಸೂಜಿ, ದಾರ, ಬ್ಯಾಕಿಂಗ್

ಡ್ರಿಲ್‌ಗೆ 80/12, ಕ್ಯಾನ್ವಾಸ್‌ಗೆ 90/14, ಎರಡಕ್ಕೂ ಚೂಪು ತುದಿಯ ಸೂಜಿ. ಟೀ ಶರ್ಟ್‌ಗೆ ಹಾಕುವ ಬಾಲ್ ಪಾಯಿಂಟ್ ತೆಗೆದಿಡಿ. ಕಮರ್ಷಿಯಲ್ ಮೆಷಿನ್‌ಗೆ ಸಾಮಾನ್ಯವಾಗಿ ಡಿಬಿ×ಕೆ5, ಮನೆ ಮೆಷಿನ್‌ಗೆ ಒಂದು ಬದಿ ಚಪ್ಪಟೆ ಇರುವ ಸೂಜಿ. ಹೊಸ ಆರ್ಡರ್‌ಗೆ ಹೊಸ ಸೂಜಿ. ಮೊಂಡಾದ ಸೂಜಿ ಕ್ಯಾನ್ವಾಸಿನಲ್ಲಿ ‘ಟಪ್ ಟಪ್’ ಅಂತ ಸದ್ದು ಮಾಡುತ್ತದೆ, ಕಿವಿಗೇ ಗೊತ್ತಾಗುತ್ತದೆ.

ದಾರ 40 ನಂಬರ್ ಪಾಲಿಯೆಸ್ಟರ್. ಬ್ಲೌಸ್‌ಗೆ ಬಳಸುವ ರೇಯಾನ್ ನೋಡಲು ಚೆಂದ, ಆದರೆ ಒದ್ದೆಯಾದಾಗ ಶಕ್ತಿ ಕಳೆದುಕೊಳ್ಳುತ್ತದೆ, ಬ್ಲೀಚ್ ತಾಗಿದರೆ ಬಣ್ಣ ಬಿಡುತ್ತದೆ. ಜರಿ ಕೇಳಿದರೆ ಬೇಡ ಅನ್ನಿ.

ಬ್ಯಾಕಿಂಗ್ ಕಟ್ ಅವೇ ಮಾತ್ರ, ಅಂದರೆ ಹರಿಯದೆ ಕತ್ತರಿಯಲ್ಲೇ ಕತ್ತರಿಸುವ ಬಗೆ. ಹರಿದು ತೆಗೆಯುವ ಪೇಪರ್ ದೊಡ್ಡ ಫಿಲ್‌ಗೆ ಸಾಲದು, ಹೊಲಿಯುವಾಗಲೇ ತೂತು ಬಿದ್ದು ಬಿಡುತ್ತದೆ, ಉಳಿದದ್ದು ಒಗೆತದಲ್ಲಿ ಪುಡಿಯಾಗುತ್ತದೆ. 80 ಜಿಎಸ್‌ಎಂ ಸುಮಾರಿನ ಕಟ್ ಅವೇ, ಡ್ರಿಲ್‌ಗೆ ಎರಡು ಪದರ, ಗಟ್ಟಿ ಕ್ಯಾನ್ವಾಸ್‌ಗೆ ಒಂದಾದರೂ ನಡೆಯುತ್ತದೆ. ಎರಡು ಹಾಕುವಾಗ ಒಂದನ್ನು ಅಡ್ಡಕ್ಕೆ ತಿರುಗಿಸಿ. ಫ್ರೇಮಿಗಿಂತ ಎಲ್ಲ ಬದಿ 2 ಸೆಂ.ಮೀ. ಹೊರಗೆ ಬರಲಿ, ಸ್ಪ್ರೇ ಗಮ್ ತೆಳುವಾಗಿ ಹೊಡೆದು ಬಟ್ಟೆಗೆ ಅಂಟಿಸಿ. ಉಳಿದ ತುಂಡು ಬ್ಯಾಕಿಂಗ್ ಜೋಡಿಸಿ ಕೆಲಸ ಮುಗಿಸುವುದು ಬೇಡ. ಜೋಡಣೆ ಬಂದ ಕಡೆಯೇ ಅಕ್ಷರ ಎಳೆದುಕೊಳ್ಳುತ್ತದೆ.

ಫ್ರೇಮ್ ಹಾಕುವುದು

ದಪ್ಪ ಬಟ್ಟೆಯಲ್ಲಿ ಅರ್ಧ ತಲೆನೋವು ಇದೇ. ಸ್ಕ್ರೂವನ್ನು ಮೊದಲೇ ಸಾಕಷ್ಟು ಸಡಿಲಿಸಿ, ಒಳಗಿನ ರಿಂಗಿಗೆ ಕಾಟನ್ ಪಟ್ಟಿ ಸುತ್ತಿ. ಜಾರುವುದಿಲ್ಲ, ಬಟ್ಟೆಯ ಮೇಲೆ ಗುರುತೂ ಕಡಿಮೆ ಬೀಳುತ್ತದೆ. ಮ್ಯಾಗ್ನೆಟ್ ಫ್ರೇಮ್ ಇದ್ದರೆ ಕೆಲಸ ತುಂಬಾ ಹಗುರ, ಬೆರಳು ಮಾತ್ರ ಜೋಪಾನ. ಬಟ್ಟೆ ಸಮ ಇರಬೇಕು, ಎಳೆದಿರಬಾರದು. ಫ್ರೇಮ್ ಹಾಕಿದ ಮೇಲೆ ಚಾಕಿನ ಗೆರೆ ನೋಡಿ, ಬಾಗಿದ್ದರೆ ತೆಗೆದು ಮತ್ತೆ ಹಾಕಿ. ಓರೆಯಲ್ಲಿ ಜಗ್ಗಿ ನೇರ ಮಾಡಿದರೆ ಫ್ರೇಮ್ ಬಿಚ್ಚಿದ ಕೂಡಲೇ ಸುಕ್ಕು.

ಮನೆ ಮೆಷಿನ್ ಇರುವವರು ಅಳತೆ ಮೊದಲೇ ನೋಡಿಕೊಳ್ಳಿ. ಉಷಾ ಜಾನೋಮ್ 450ಇ ಥರದ ಮೆಷಿನ್‌ನಲ್ಲಿ ದೊಡ್ಡ ಫ್ರೇಮಿನ ಹೊಲಿಯುವ ಜಾಗ 20×28 ಸೆಂ.ಮೀ. ನಮ್ಮ ಎರಡು ಸಾಲು ಅದರಲ್ಲಿ ಒಂದೇ ಸಲ ಹಿಡಿಯದಿದ್ದರೆ ಸಾಲಿಗೊಂದು ಫ್ರೇಮ್ ಹಾಕಿ. ಒಂದು ಅಕ್ಷರವನ್ನು ಎರಡು ಫ್ರೇಮಿಗೆ ಒಡೆಯುವ ಸಾಹಸ ಬೇಡ.

ಜಾಕೆಟ್ ತಲೆಕೆಳಗಾಗಿ ಹೋಗಬೇಕಾದರೆ ಡಿಸೈನನ್ನು 180 ಡಿಗ್ರಿ ತಿರುಗಿಸಿ. ತೋಳು, ಹುಡ್, ಜಿಪ್ ಎಲ್ಲ ಮಡಚಿ ಕ್ಲಿಪ್ ಹಾಕಿ. ಫ್ರೇಮಿನ ಕೆಳಗೆ ಕೈ ಆಡಿಸಿ ನೋಡಿ, ತೋಳೊಂದು ಸುಮ್ನೆ ಕೆಳಗೆ ನುಸುಳಿರುತ್ತದೆ. ಜಾಕೆಟಿನ ಭಾರ ಫ್ರೇಮಿನಿಂದ ಜೋತು ಬೀಳಬಾರದು. ಟೇಬಲ್ ಇಲ್ಲದಿದ್ದರೆ ಸ್ಟೂಲ್ ಮೇಲೆ ದಿಂಬು ಇಟ್ಟಾದರೂ ಆಸರೆ ಕೊಡಿ. ಭಾರ ಎಳೆದರೆ ತಳಹೊಲಿಗೆ ಒಂದು ಕಡೆ, ಮೇಲಿನ ಫಿಲ್ ಒಂದು ಕಡೆ ಆಗುತ್ತದೆ.

ಮೆಷಿನ್ ಓಡಿಸುವುದು

ಟ್ರೇಸ್ ಮಾಡಿ (ಹೊಲಿಯದೆ ಡಿಸೈನಿನ ಸುತ್ತ ಒಮ್ಮೆ ಓಡಿಸಿ ನೋಡುವುದು), ಫ್ರೇಮಿಗೆ ಸೂಜಿ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ವೇಗ ನಿಮಿಷಕ್ಕೆ 600ರಿಂದ 650 ಹೊಲಿಗೆ ಸಾಕು. ಸಾವಿರಕ್ಕೆ ಏರಿಸಿದರೆ ಸೂಜಿ ಬಿಸಿಯಾಗಿ ದಾರ ಕತ್ತರಿಸುತ್ತದೆ, ಉಳಿಸಿದ ಸಮಯ ದಾರ ಪೋಣಿಸುವುದರಲ್ಲೇ ಹೋಗುತ್ತದೆ.

ಟೆನ್ಶನ್‌ಗೆ ಸ್ಯಾಟಿನ್ ಒತ್ತಿನ ಹಿಂಬದಿ ನೋಡಿ. ನಡುವೆ ಮೂರನೇ ಒಂದು ಭಾಗ ಬಿಳಿ ಬಾಬಿನ್ ದಾರ (ಕೆಳಗಿನ ದಾರ), ಎರಡು ಬದಿ ಮೇಲಿನ ಬಣ್ಣ ಕಂಡರೆ ಸರಿ. ಬಿಳಿಯೇ ಕಾಣದಿದ್ದರೆ ಮೇಲಿನ ದಾರ ಸಡಿಲ, ಬರೀ ಬಿಳಿ ಇದ್ದರೆ ಬಿಗಿ. ದೊಡ್ಡ ಅಕ್ಷರ ಶುರುವಾಗುವ ಮುಂಚೆ ಬಾಬಿನ್ ಬದಲಾಯಿಸಿಬಿಡಿ.

ದಾರ ಕಡಿದರೆ 8-10 ಹೊಲಿಗೆ ಹಿಂದೆ ಹೋಗಿ ಶುರು ಮಾಡಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಡಿದರೆ ತಪ್ಪು ಫೈಲಿನಲ್ಲಿದೆ, ಅಲ್ಲಿ ಹೊಲಿಗೆ ಮೇಲೆ ಹೊಲಿಗೆ ಬಿದ್ದಿರುತ್ತದೆ. ಬೇರೆ ಬೇರೆ ಜಾಗದಲ್ಲಿ ಕಡಿದರೆ ಸೂಜಿ ಅಥವಾ ದಾರದ ದಾರಿ ನೋಡಿ. ಕೆಳಗೆ ದಾರ ಗಂಟು ಕಟ್ಟಿದರೆ ಫ್ರೇಮ್ ಹಿಡಿದು ಜಗ್ಗಬೇಡಿ. ಮೆಷಿನ್ ನಿಲ್ಲಿಸಿ, ಫ್ರೇಮ್ ಮತ್ತು ಪ್ಲೇಟಿನ ನಡುವೆ ಸಣ್ಣ ಕತ್ತರಿ ತೂರಿಸಿ ನಿಧಾನ ಬಿಡಿಸಿ.

ಅಕ್ಷರ ಇನ್ನೂ ದೊಡ್ಡದಾದರೆ

ಮೈ 8 ಸೆಂ.ಮೀ. ದಾಟಿದರೆ ನಾನು ಅಪ್ಲಿಕ್ ಕಡೆ ವಾಲುತ್ತೇನೆ. ಟ್ವಿಲ್ ಬಟ್ಟೆಯ ಅಕ್ಷರ ಇಟ್ಟು, ಅಂಚಿಗೆ ಮಾತ್ರ ಹೊಲಿಗೆ. ಮೆಷಿನ್ ಮೊದಲು ಗುರುತಿನ ಗೆರೆ ಹೊಲಿಯುತ್ತದೆ. ಅದರ ಮೇಲೆ, ಹಿಂಬದಿಗೆ ಫ್ಯೂಸಿಂಗ್ (ಇಸ್ತ್ರಿ ಬಿಸಿಗೆ ಅಂಟುವ ಹಾಳೆ) ಅಂಟಿಸಿದ ಬಟ್ಟೆ ಇಡುತ್ತೀರಿ. ಮೆಷಿನ್ ಹಿಡಿಹೊಲಿಗೆ ಹಾಕುತ್ತದೆ. ಆಚೆಗಿನ ಬಟ್ಟೆ ಕತ್ತರಿಸುತ್ತೀರಿ. ಕೊನೆಗೆ 4 ಮಿ.ಮೀ. ಸ್ಯಾಟಿನ್ ಅಂಚು. ಬೆನ್ನು ಮೆತ್ತಗಿರುತ್ತದೆ, ಹೊಲಿಗೆಯೂ ಕಡಿಮೆ. ತೊಂದರೆ ಏನೆಂದರೆ ಕನ್ನಡದ ಸಣ್ಣ ಸುಳಿಯೊಳಗೆ ಕತ್ತರಿ ಹೋಗುವುದಿಲ್ಲ. ಹಾಗಾಗಿ ಮೈ ಅಪ್ಲಿಕ್, ಒತ್ತು ಸ್ಯಾಟಿನ್ ಅಂತ ಬೆರೆಸಿ. ಲೇಸರ್‌ನಲ್ಲಿ ಕತ್ತರಿಸಿಕೊಡುವವರು ಸಿಕ್ಕರೆ ಇನ್ನೂ ಒಳ್ಳೆಯದು, ಪಾಲಿಯೆಸ್ಟರ್ ಬಟ್ಟೆಯ ಅಂಚು ಕರಗಿ ನೂಲು ಬಿಡುವುದಿಲ್ಲ.

ದಪ್ಪ ಹತ್ತಿ ತುಂಬಿದ ಚಳಿ ಜಾಕೆಟ್‌ಗೂ ಇದೇ ದಾರಿ. ಡ್ರಿಲ್ ತುಂಡಿನ ಮೇಲೆ ಅಕ್ಷರ ಹೊಲಿದು, ಅದನ್ನು ಪ್ಯಾಚ್ ಆಗಿ ಬೆನ್ನಿಗೆ ಎರಡು ಸಾಲು ಹೊಲಿಗೆ ಹಾಕಿ ಕೂರಿಸಿ.

ಮುಗಿಸುವುದು, ಪರೀಕ್ಷೆ, ದರ

ಹಿಂದಿನ ಬ್ಯಾಕಿಂಗನ್ನು ಅಕ್ಷರ ಅಕ್ಷರಕ್ಕೂ ಕತ್ತರಿಸಬೇಡಿ. ಎರಡು ಸಾಲಿಗೂ ಸೇರಿ ಒಂದೇ ಚೌಕ, ಹೊಲಿಗೆಯಿಂದ 1 ಸೆಂ.ಮೀ. ಬಿಟ್ಟು, ಮೂಲೆ ದುಂಡಗೆ ಕತ್ತರಿಸಿ. ಲೈನಿಂಗ್ ಇಲ್ಲದ ಜಾಕೆಟ್ ಆದರೆ ಬೆನ್ನಿಗೆ ಚುಚ್ಚದ ಹಾಗೆ ಮೆತ್ತನೆ ಫ್ಯೂಸಿಂಗ್ ಅಂಟಿಸಿ. ಇಸ್ತ್ರಿ ಒಳಬದಿಯಿಂದ, ಕೆಳಗೆ ಟವೆಲ್ ಹಾಸಿ, ಸಾಧಾರಣ ಬಿಸಿಯಲ್ಲಿ. ಬಿಚ್ಚಿದ ಲೈನಿಂಗ್ ಮತ್ತೆ ಹೊಲಿಯಿರಿ.

ಇಡೀ ಆರ್ಡರ್ ಹೊಡೆಯುವ ಮುಂಚೆ ಅದೇ ಬಟ್ಟೆಯ ತುಂಡಿಗೆ ‘ರ್ವಿ’ ಒಂದನ್ನೇ ಹೊಲಿಯಿರಿ. ಗುಡಿಸು, ದಪ್ಪ ಮೈ, ಸುಳಿ, ಅರ್ಕಾವೊತ್ತು ಎಲ್ಲ ಅದರಲ್ಲೇ ಇದೆ. ಅದನ್ನು ಬಿಸಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ, ಕಲ್ಲಿನ ಮೇಲೆ ಬ್ರಷ್ ಹಾಕಿ ಉಜ್ಜಿ, ಬಿಸಿಲಿಗೆ ಒಣಗಿಸಿ. ಹೀಗೇ ನಾಲ್ಕೈದು ಸಲ. ದಾರ ಎದ್ದರೆ ಹೊಲಿಗೆ ಇನ್ನೂ ಗಿಡ್ಡ ಮಾಡಿ. ಸುತ್ತ ಸುಕ್ಕು ಬಂದರೆ ಅಂತರ 0.42ಕ್ಕೆ ಏರಿಸಿ, ಬ್ಯಾಕಿಂಗ್ ನೋಡಿ. ಕಿಂಡಿ ಮುಚ್ಚಿದರೆ ಫೈಲ್ ತೆರೆಯಿರಿ.

ದರ ಹೇಳುವುದು ಸಾವಿರ ಹೊಲಿಗೆಗೆ ಇಷ್ಟು ಅಂತ. ಆದರೆ ಈ ಕೆಲಸದಲ್ಲಿ ಸಮಯವನ್ನೂ ಲೆಕ್ಕ ಹಾಕಿ. 650ರ ವೇಗದಲ್ಲಿ 30,000 ಹೊಲಿಗೆ ಅಂದರೆ ನಿಲ್ಲದೆ ಓಡಿದರೂ 46 ನಿಮಿಷ. ಫ್ರೇಮ್ ಹಾಕುವುದು, ಲೈನಿಂಗ್ ಬಿಚ್ಚಿ ಹೊಲಿಯುವುದು ಬೇರೆ. ಜೇಬಿನ ಲೋಗೊ ದರ ಹೇಳಿ ಒಪ್ಪಿಕೊಂಡರೆ ಕೈಯಿಂದ ಹೋಗುತ್ತದೆ. ತೊಳೆದ ಸ್ಯಾಂಪಲ್ ತುಂಡಿನ ಹಿಂದೆ ದಾರದ ನಂಬರ್, ಸೂಜಿ, ಅಂತರ, ಬ್ಯಾಕಿಂಗ್ ಎಷ್ಟು ಪದರ ಅಂತ ಪೆನ್ನಲ್ಲಿ ಬರೆದು ಫೈಲಿನ ಹೆಸರಿನ ಜೊತೆ ಇಟ್ಟುಕೊಳ್ಳಿ. ಹೊಸ ಹುಡುಗರು ಸೇರಿದಾಗ ಇನ್ನೆರಡು ಜಾಕೆಟ್ ಬೇಕು ಅಂತ ಅದೇ ಗ್ಯಾರೇಜಿನವರು ಬಂದೇ ಬರುತ್ತಾರೆ.